ಪದಚರ್ಚೆ: ಬಟನ್ನಿನೊಳಗೆ ಐಕಾನನ್ನು ‘ಅಲೈನ್’ ಮಾಡುವುದಕ್ಕೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಶನಿವಾರಗಳಂದು ಒಂದಷ್ಟು ಹುಡುಗ ಹುಡುಗಿಯರಿಗೆ ಮೊಬೈಲ್ ಆ್ಯಪ್ ವಿನ್ಯಾಸ ಹೇಳಿಕೊಡುತ್ತಿದ್ದೇನೆ. ಎಲ್ಲರೂ ಹತ್ತನೆಯ ತರಗತಿವರೆಗೆ ಕನ್ನಡದಲ್ಲೇ ಓದಿದವರು, ಈಗ ಡಿಪ್ಲೊಮಾ ಮಾಡುತ್ತಿದ್ದಾರೆ. ಅವರಿಗೆಂದು ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಬಟನ್ನಿನ ಪಾಠಕ್ಕೆ ಬಂದು ನಿಂತುಬಿಟ್ಟಿದ್ದೇನೆ.

ಒಂದು ಬಟನ್. ಒಳಗೆ ಒಂದು ಐಕಾನ್. ಪಕ್ಕದಲ್ಲಿ ‘ಉಳಿಸು’ ಎಂಬ ಪದ. ಎರಡೂ ಒಂದಕ್ಕೊಂದು ಸರಿಯಾಗಿ ನಿಲ್ಲಬೇಕು. ಇಂಗ್ಲಿಷಿನಲ್ಲಿ ಇದಕ್ಕೆಲ್ಲ ‘ಅಲೈನ್’ ಅಂದರೆ ಮುಗಿಯಿತು. ಕನ್ನಡದಲ್ಲಿ ಏನೆನ್ನಬೇಕು?

‘ಬಟನ್’, ‘ಐಕಾನ್’ ಎರಡನ್ನೂ ಹಾಗೇ ಇಟ್ಟುಕೊಂಡಿದ್ದೇನೆ. ‘ಗುಂಡಿ’ ಅಂದರೆ ಅಂಗಿಯದ್ದೂ ಆಗುತ್ತದೆ, ರಸ್ತೆಯದ್ದೂ ಆಗುತ್ತದೆ. ‘ಚಿಹ್ನೆ’ ಅಂದರೆ ಪ್ರಶ್ನಾರ್ಥಕ ಚಿಹ್ನೆ, ಚುನಾವಣೆ ಚಿಹ್ನೆ ಎಲ್ಲ ಬರುತ್ತವೆ. ಈ ಎರಡರ ಬಗ್ಗೆ ನನಗೆ ಚರ್ಚೆ ಬೇಕಿಲ್ಲ. ತೊಡಕಿರುವುದು ಹೆಸರುಗಳಲ್ಲಲ್ಲ, ಕೆಲಸದ ಪದದಲ್ಲಿ.

ಮೊದಲು ‘ಜೋಡಿಸು’ ಅಂತ ಬರೆದಿದ್ದೆ. ಯಾವುದೇ ಕನ್ನಡ ಪುಸ್ತಕದ ಮೊದಲ ಪುಟಗಳನ್ನು ನೋಡಿ, ‘ಅಕ್ಷರ ಜೋಡಣೆ’ ಅಂತ ಇದ್ದು ಮುಂದೆ ಡಿಟಿಪಿ ಮಾಡಿದವರ ಹೆಸರು ಇರುತ್ತದೆ. ಅಚ್ಚುಮೊಳೆಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದ ಕೆಲಸಕ್ಕೆ ಒಪ್ಪುವ ಮಾತು ಅದು. ಜೋಡಿಸುವುದು ಅಂದರೆ ಬಿಡಿಯಾಗಿದ್ದುದನ್ನು ಕೂಡಿಸುವುದು. ಹಾಗಾಗಿ ‘ಐಕಾನನ್ನು ಪದದ ಜೊತೆ ಜೋಡಿಸಿ’ ಅಂದಾಗ ಮಕ್ಕಳು ಐಕಾನ್ ಸೇರಿಸಿ ಸುಮ್ಮನಾದರು. ಅದು ಮೂರು ಕೂದಲೆಳೆಯಷ್ಟು ಕೆಳಗೆ ಕೂತಿತ್ತು. ನಾನು ಹೇಳಿದ್ದನ್ನು ಅವರು ಸರಿಯಾಗಿಯೇ ಮಾಡಿದ್ದರು, ತಪ್ಪು ನನ್ನ ಪದದಲ್ಲಿತ್ತು.

ಆಮೇಲೆ ‘ಹೊಂದಿಸು’. ಇದು ತುಂಬ ಕಡೆ ಬಳಕೆಯಲ್ಲಿದೆ, ಕೆಟ್ಟ ಪದವೂ ಅಲ್ಲ. ಆದರೆ ಅಲಾರಂ ಹೊಂದಿಸುತ್ತೇವೆ, ದುಡ್ಡು ಹೊಂದಿಸುತ್ತೇವೆ, ಪರೀಕ್ಷೆಯಲ್ಲಿ ‘ಹೊಂದಿಸಿ ಬರೆಯಿರಿ’ ಅಂತಲೂ ಇರುತ್ತದೆ. ಯಾವುದಕ್ಕೆ ಹೊಂದಿಸಬೇಕು, ಹೇಗೆ ಹೊಂದಿಸಬೇಕು ಅನ್ನುವುದು ಆ ಪದದೊಳಗೆ ಇಲ್ಲ. ‘ಓರಣ’ ಅಂತ ಒಬ್ಬರು ಸೂಚಿಸಿದರು. ನನಗೆ ಬಹಳ ಇಷ್ಟದ ಪದ. ಆದರೆ ಓರಣ ಅಂದರೆ ಎಲ್ಲ ಮುಗಿದ ಮೇಲೆ ಕಣ್ಣಿಗೆ ಕಾಣುವ ಅಚ್ಚುಕಟ್ಟು. ಅಲ್ಲಿಗೆ ಹೋಗುವ ದಾರಿಗೆ ಬೇರೆ ಪದ ಬೇಕು.

ಆಗ ನೆನಪಾಗಿದ್ದು ಮನೆ ಕಟ್ಟುವವರು. ಗಾರೆ ಮೇಸ್ತ್ರಿ ಗೋಡೆಯ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನಡುವಿಗೆ ಬಂತಾ ನೋಡುತ್ತಾರೆ. ಈ ಗೋಡೆಯ ಗುರುತನ್ನು ಆ ಗೋಡೆಗೆ ಒಯ್ಯಬೇಕಾದರೆ ನೀರು ತುಂಬಿದ ಉದ್ದನೆಯ ಪ್ಲಾಸ್ಟಿಕ್ ಕೊಳವೆ ಹಿಡಿದು ‘ಮಟ್ಟ’ ನೋಡುತ್ತಾರೆ. ಬಡಗಿಯ ಬಳಿ ಮೂಲೆಮಟ್ಟ ಇರುತ್ತದೆ. ಎರಡು ವಸ್ತು ಒಂದೇ ಎತ್ತರಕ್ಕೆ ನಿಂತಿವೆಯೇ ಅನ್ನುವುದಕ್ಕೆ ನಮ್ಮಲ್ಲಿ ಆಗಲೇ ಪದ ಇದೆ, ದಿನಾ ಬಳಸುತ್ತೇವೆ. ‘ಐಕಾನನ್ನು ಪದದ ಮಟ್ಟಕ್ಕೆ ತನ್ನಿ’ ಅಂದೆ. ಯಾರೂ ಮರುಪ್ರಶ್ನೆ ಕೇಳಲಿಲ್ಲ.

ಹೀಗೆ ‘ಅಲೈನ್’ ಅನ್ನುವ ಒಂದು ಪದ ಕನ್ನಡದಲ್ಲಿ ಎರಡಾಗಬೇಕು ಅಂತ ನನಗೆ ಅನಿಸುತ್ತಿದೆ. ಮೇಲೆ ಕೆಳಗಿನ ಲೆಕ್ಕಕ್ಕೆ ‘ಮಟ್ಟ’. ಎಡ ಬಲದ ಲೆಕ್ಕಕ್ಕೆ ‘ಆನಿಸು’. ಏಣಿಯನ್ನು ಗೋಡೆಗೆ ಆನಿಸಿಡುತ್ತೇವಲ್ಲ, ಹಾಗೆ ಸಾಲನ್ನು ಒಂದು ಅಂಚಿಗೆ ಆನಿಸುವುದು. ಎರಡನ್ನೂ ಒಂದೇ ಪದದಲ್ಲಿ ಹೇಳಲು ಹೋದಾಗಲೇ ಗೊಂದಲ ಶುರುವಾಗುತ್ತದೆ.

‘ಮಟ್ಟ’ದಲ್ಲಿ ಒಂದು ಎಚ್ಚರ ಬೇಕು. ‘ಮಟ್ಟ ಹಾಕು’ ಅಂದರೆ ಅಡಗಿಸು ಅಂತಾಗುತ್ತದೆ, ಅದನ್ನು ಬಳಸುವ ಹಾಗಿಲ್ಲ. ‘ಮಟ್ಟ ಮಾಡು’ ಅಂದರೆ ಹೊಲದ ಏರುತಗ್ಗು ತೆಗೆದ ಹಾಗೆ. ‘ಮಟ್ಟಕ್ಕೆ ತರು’ ಅನ್ನುವುದೇ ಸರಿಯಾಗಿ ಕೂರುತ್ತದೆ.

ಈಗ ನಿಜವಾದ ಸಮಸ್ಯೆಗೆ ಬರುತ್ತೇನೆ. ಯಾವ ಮಟ್ಟ? ಇಲ್ಲಿ ಕನ್ನಡ ಲಿಪಿಯದ್ದೇ ಒಂದು ಕಥೆ ಇದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಎರಡು ಗೆರೆಯ ಕಾಪಿ ಪುಸ್ತಕ ನೆನಪಿದೆ ಅಲ್ವಾ? ಇಂಗ್ಲಿಷಿಗೆ ನಾಲ್ಕು ಗೆರೆ, ಕನ್ನಡಕ್ಕೆ ಎರಡು. ಅಕ್ಷರದ ಮೈ ಆ ಎರಡು ಗೆರೆಗಳ ನಡುವೆ ತುಂಬಿಕೊಳ್ಳುತ್ತದೆ. ಕೆಳಗಿನ ಗೆರೆ ದಾಟಿ ಇಳಿಯುವುದು ಹೆಚ್ಚಾಗಿ ಒತ್ತಕ್ಷರ. ‘ರಾಷ್ಟ್ರ’ದಂಥ ಪದದಲ್ಲಿ ಒಂದಲ್ಲ, ಎರಡು ಒತ್ತುಗಳು ಕೆಳಗೆ ಜಾಗ ಕೇಳುತ್ತವೆ.

ಆ್ಯಪ್ ಪದದ ನಡುವನ್ನು ಹುಡುಕುವಾಗ ಅಕ್ಷರ ಎಲ್ಲಿ ಕಾಣುತ್ತಿದೆ ಅಂತ ನೋಡುವುದಿಲ್ಲ. ಫಾಂಟು ತನ್ನೊಳಗೆ ಬರೆದಿಟ್ಟುಕೊಂಡ ಎತ್ತರ, ಇಳಿತಗಳ ಅಳತೆ ತೆಗೆದುಕೊಂಡು ಒಂದು ಪೆಟ್ಟಿಗೆ ಮಾಡುತ್ತದೆ. ಆ ಪೆಟ್ಟಿಗೆಯ ನಡುವಿಗೆ ಐಕಾನಿನ ನಡುವನ್ನು ತಂದು ಇಡುತ್ತದೆ. ಕನ್ನಡ ಫಾಂಟಿನಲ್ಲಿ ಒತ್ತುಗಳಿಗೆಂದು ಕೆಳಗಡೆ ಜಾಗ ಬಿಟ್ಟಿರುತ್ತಾರೆ, ಬಿಡಲೇಬೇಕು. ‘ಉಳಿಸು’, ‘ಅಳಿಸು’, ‘ಹುಡುಕು’ ಇವುಗಳಲ್ಲಿ ಒತ್ತೇ ಇಲ್ಲ. ಆ ಜಾಗ ಖಾಲಿ ಉಳಿಯುತ್ತದೆ. ಪದ ಮೇಲಕ್ಕೆ ಸರಿದ ಹಾಗೆ, ಐಕಾನ್ ಕೆಳಗೆ ಜಾರಿದ ಹಾಗೆ ಕಾಣುತ್ತದೆ. ಪಕ್ಕದ ಬಟನ್ನಿನಲ್ಲಿ ‘ಮುಚ್ಚು’ ಅಥವಾ ‘ಹಂಚಿಕೊಳ್ಳಿ’ ಇದ್ದರೆ ಅದೇ ಐಕಾನ್, ಅದೇ ಅಳತೆ, ಆದರೂ ಸರಿಯಾಗಿ ಕೂತ ಹಾಗೆ ಕಾಣುತ್ತದೆ. ಖಾಲಿ ಜಾಗವನ್ನು ಒತ್ತಕ್ಷರ ತುಂಬಿತು, ಅಷ್ಟೇ. ‘ಡೌನ್‌ಲೋಡ್’ ಪದವನ್ನು ‘ನ್’ ಬಿಡಿಸಿ ಬರೆದರೆ ಒಂದು ರೀತಿ, ‘ಡೌನ್ಲೋಡ್’ ಅಂತ ಒತ್ತು ಕೊಟ್ಟು ಬರೆದರೆ ಇನ್ನೊಂದು ರೀತಿ. ಕಾಗುಣಿತ ಬದಲಾದರೆ ಐಕಾನ್ ಕದಲಿದಂತೆ ಕಾಣುತ್ತದೆ!

ಆಂಡ್ರಾಯ್ಡ್‌ನಲ್ಲಿ ಇದು ಇನ್ನೂ ಒಂದು ಸುತ್ತು ಹೆಚ್ಚು. ಎತ್ತರ ಜಾಸ್ತಿ ಬೇಡುವ ಲಿಪಿಗಳನ್ನು ಇಂಗ್ಲಿಷಿನ ಎತ್ತರದೊಳಗೆ ಹಿಡಿಸಲು ಇಕ್ಕಟ್ಟಾದ ಅಕ್ಷರರೂಪಗಳನ್ನು ಬಳಸುವ ರೂಢಿ ಇತ್ತು. ಇಕ್ಕಟ್ಟು ಬೇಡ ಅನ್ನುವವರಿಗೆ ‘ಎಲಿಗಂಟ್ ಟೆಕ್ಸ್ಟ್ ಹೈಟ್’ ಅನ್ನುವ ಆಯ್ಕೆ ಆಂಡ್ರಾಯ್ಡ್ 5ರಲ್ಲಿ, 2014ರಲ್ಲಿ ಬಂತು. 2024ರ ಆಂಡ್ರಾಯ್ಡ್ 15ಕ್ಕೆಂದು ಕಟ್ಟಿದ ಆ್ಯಪ್‌ಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ. ಆ ಬದಲಾವಣೆ ತಟ್ಟುವ ಲಿಪಿಗಳ ಪಟ್ಟಿಯಲ್ಲಿ ಕನ್ನಡ, ತೆಲುಗು, ತಮಿಳು, ಮಲಯಾಳಂ ಎಲ್ಲ ಇವೆ. ಅಕ್ಷರಕ್ಕೆ ಉಸಿರಾಡಲು ಜಾಗ ಸಿಕ್ಕಿದ್ದು ಒಳ್ಳೆಯದೇ. ಆದರೆ ಇಂಗ್ಲಿಷ್ ಪದ ಹಾಕಿ ನೋಡಿ ‘ಸರಿ ಇದೆ’ ಅಂದುಕೊಂಡ ಬಟನ್ನಿನಲ್ಲಿ ಕನ್ನಡ ಹಾಕಿದಾಗ ಎತ್ತರವೇ ಬೇರೆ. ಬಟನ್ನಿನ ಎತ್ತರವನ್ನು ಒಂದು ಸಂಖ್ಯೆಗೆ ಕಟ್ಟಿಹಾಕಿದ್ದರೆ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ. ಕತ್ತರಿಸಿದ ಒತ್ತು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮ ಭಾಷೆಗೆ ಆ ಬಟನ್ನಿನಲ್ಲಿ ಜಾಗವೇ ಇಟ್ಟಿರಲಿಲ್ಲ ಅಂತಲೇ ಅದರ ಅರ್ಥ.

ಹಾಗಾಗಿ ಈ ಪಾಠಕ್ಕೆ ಮೂರು ಪದ ಬೇಕು. ಪೆಟ್ಟಿಗೆಯ ನಡುವಿಗೆ ‘ಅಳತೆಯ ನಡು’. ಕಣ್ಣಿಗೆ ನಡು ಅಂತ ಕಾಣುವುದಕ್ಕೆ ‘ಕಣ್ಣಳತೆಯ ನಡು’. ‘ಕಣ್ಣಳತೆ’ ಅನ್ನುವ ಪದ ಎಷ್ಟು ಸರಿಯಾಗಿದೆ ನೋಡಿ! ದುಂಡನೆಯ ಬಟನ್ನಿನಲ್ಲಿ ಹಾಡು ಶುರುಮಾಡುವ ತ್ರಿಕೋನವನ್ನು ಅಳತೆಯ ನಡುವಿನಲ್ಲಿಟ್ಟರೆ ಎಡಕ್ಕೆ ವಾಲಿದಂತೆ ಕಾಣುತ್ತದೆ, ಕಣ್ಣಳತೆಗೆ ಒಂಚೂರು ಬಲಕ್ಕೆ ಸರಿಸಬೇಕು. ಅದನ್ನೂ ಇದೇ ಪದದಲ್ಲಿ ಹೇಳಬಹುದು.

ಮೂರನೆಯದು ‘ಬೇಸ್‌ಲೈನ್’. ಅಕ್ಷರದ ಮೈ ಯಾವ ಗೆರೆಯ ಮೇಲೆ ನಿಂತಿದೆಯೋ ಆ ಗೆರೆ. ‘ಅಡಿಗೆರೆ’ ಅಂತ ಬರೆದಿದ್ದೆ. ಅಳಿಸಬೇಕಾಯಿತು. ‘ಅಡಿಗೆರೆ ಎಳೆದ ಪದದ ಅರ್ಥ ಬರೆಯಿರಿ’ ಅಂತ ಪ್ರಶ್ನೆಪತ್ರಿಕೆ ನೋಡಿ ಬೆಳೆದವರಿಗೆ ಅದು ಬೇರೆಯೇ ಗೆರೆ. ‘ತಳಗೆರೆ’ ಅಂದರೆ ಒತ್ತಕ್ಷರದ ತಳವೋ, ಮೈಯ ತಳವೋ? ಒಬ್ಬ ಹುಡುಗಿ ತಾನಾಗಿಯೇ ‘ಅಕ್ಷರ ಕೂರುವ ಗೆರೆ’ ಅಂದಳು. ಅದನ್ನೇ ‘ಕೂರುಗೆರೆ’ ಅಂತ ಮಾಡಿಕೊಂಡಿದ್ದೇನೆ. ಅಕ್ಷರ ಕೂರುತ್ತದೆ, ಒತ್ತು ಕೆಳಗೆ ಕಾಲು ಇಳಿಬಿಡುತ್ತದೆ. ಕನ್ನಡ ಅಕ್ಷರ ನೋಡಿ ಹುಟ್ಟಿದ ಪದ. ನಿಮಗೆ ಹೇಗನಿಸುತ್ತದೆ?

ಇನ್ನು ‘ಆನಿಸು’. ಇದರಲ್ಲಿ ಒಂದು ಅಡ್ಡಿ ಇದೆ: ‘ಅನಿಸು’ ಅಂತ ತಪ್ಪಾಗಿ ಓದಿಕೊಳ್ಳುವುದು ಬಲು ಸುಲಭ. ‘ಒರಗಿಸು’ ಅಂದರೆ ಓರೆಯಾಯಿತು ಅನ್ನುವ ಅರ್ಥ ಬರುತ್ತದೆ. ‘ಅಂಚಿಗೆ ತಾಗಿಸು’ ಅಂದರೆ ನಡುವೆ ಒಂದಿಷ್ಟೂ ಜಾಗ ಇರಬಾರದು ಅನ್ನುವ ಹಾಗಿದೆ. ಸದ್ಯಕ್ಕೆ ‘ಆನಿಸು’ವನ್ನೇ ಇಟ್ಟುಕೊಂಡಿದ್ದೇನೆ.

ಇದರ ಜೊತೆ ಎಡ ಬಲದ ಪ್ರಶ್ನೆ. ಆಂಡ್ರಾಯ್ಡ್‌ನಲ್ಲಿ ಮೊದಲು ಐಕಾನನ್ನು ‘ಡ್ರಾಯಬಲ್ ಲೆಫ್ಟ್’, ಅಂದರೆ ಎಡಗಡೆಯ ಚಿತ್ರ, ಅಂತಲೇ ಇಡುತ್ತಿದ್ದರು. ಆಮೇಲೆ ‘ಡ್ರಾಯಬಲ್ ಸ್ಟಾರ್ಟ್’, ಅಂದರೆ ಓದು ಶುರುವಾಗುವ ಕಡೆಯ ಚಿತ್ರ, ಬಂತು, ಬಲದಿಂದ ಎಡಕ್ಕೆ ಓದುವ ಭಾಷೆಗಳಿಗಾಗಿ. ನಮಗೆ ಎಡವೇ ಮೊದಲು, ಹಾಗಾಗಿ ‘ಎಡ’ ಅಂತಲೇ ಬರೆದುಬಿಡೋಣ ಅನಿಸುತ್ತದೆ. ಬೇಡ. ನಮ್ಮ ತರಗತಿಯಲ್ಲೇ ಮನೆಯಲ್ಲಿ ಉರ್ದು ಓದುವ ಇಬ್ಬರಿದ್ದಾರೆ. ಫೋನನ್ನು ಉರ್ದುವಿಗೆ ತಿರುಗಿಸಿದರೆ ಸ್ಟಾರ್ಟ್ ಅಂತ ಇಟ್ಟ ಐಕಾನ್ ಬಲಕ್ಕೆ ಹೋಗುತ್ತದೆ, ಹೋಗಬೇಕು ಕೂಡ.

ಓದು ಶುರುವಾಗುವ ಬದಿಗೆ ಐಫೋನಿನ ಕಡೆಯವರು ‘ಲೀಡಿಂಗ್’, ಮುಗಿಯುವ ಬದಿಗೆ ‘ಟ್ರೇಲಿಂಗ್’ ಅನ್ನುತ್ತಾರೆ. ಅದನ್ನು ‘ಮುಂಬದಿ’, ‘ಹಿಂಬದಿ’ ಅಂತ ತರ್ಜುಮೆ ಮಾಡಿದ್ದನ್ನು ಒಂದು ಕಡೆ ನೋಡಿದೆ. ದಯವಿಟ್ಟು ಇದನ್ನು ಬಿಟ್ಟುಬಿಡೋಣ. ಕನ್ನಡದಲ್ಲಿ ‘ಹಿಂದಿನ ಅಕ್ಷರ’ ಅಂದರೆ ಆಗಲೇ ಓದಿ ದಾಟಿದ ಅಕ್ಷರ, ಅಂದರೆ ಎಡಗಡೆಯದು. ‘ಮುಂದಿನ ಅಕ್ಷರ’ ಇನ್ನು ಓದಬೇಕಾದದ್ದು, ಬಲಗಡೆಯದು. ಟ್ರೇಲಿಂಗ್ ಅನ್ನುವುದನ್ನು ಹಿಂಬದಿ ಅಂದರೆ ಅರ್ಥ ಪೂರ್ತಿ ತಿರುಗಾಮುರುಗಾ. ‘ಮೊದಲ ಬದಿ’, ‘ಕೊನೆ ಬದಿ’ ಅಂದರೆ ಈ ತೊಂದರೆ ಇಲ್ಲ.

ಗೂಗಲ್‌ನ ‘ಮೆಟೀರಿಯಲ್’ ವಿನ್ಯಾಸ ಪದ್ಧತಿಯ ಬಟನ್ನಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ‘ಸ್ಟಾರ್ಟ್’ ಅಂದರೆ ಐಕಾನ್ ಬಟನ್ನಿನ ಅಂಚಿಗೆ ಹೋಗುತ್ತದೆ, ಪದ ದೂರ ಉಳಿಯುತ್ತದೆ. ‘ಟೆಕ್ಸ್ಟ್ ಸ್ಟಾರ್ಟ್’ ಅಂದರೆ ಐಕಾನ್ ಪದದ ಪಕ್ಕಕ್ಕೇ ಬಂದು ಎರಡೂ ಜೊತೆಯಾಗಿ ನಡುವಿನಲ್ಲಿ ನಿಲ್ಲುತ್ತವೆ. ಪರದೆಯ ಅಗಲಕ್ಕೆ ಚಾಚಿದ ಬಟನ್ನಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ‘ಅಂಚಿಗೆ ಆನಿಸಿದ ಐಕಾನ್’, ‘ಪದಕ್ಕೆ ಆನಿಸಿದ ಐಕಾನ್’ ಅಂದೆ, ಕೂಡಲೇ ಅರ್ಥವಾಯಿತು.

ಐಕಾನಿಗೂ ಪದಕ್ಕೂ ನಡುವೆ ಬಿಡುವ ಜಾಗವನ್ನು ಆಂಡ್ರಾಯ್ಡ್ ‘ಡ್ರಾಯಬಲ್ ಪ್ಯಾಡಿಂಗ್’ ಅನ್ನುತ್ತದೆ, ಐಫೋನ್ ‘ಇಮೇಜ್ ಪ್ಯಾಡಿಂಗ್’ ಅನ್ನುತ್ತದೆ. ಪ್ಯಾಡಿಂಗ್ ಅಂದರೆ ಸಾಮಾನ್ಯವಾಗಿ ಪೆಟ್ಟಿಗೆಯ ಒಳಗಡೆ ಸುತ್ತಲೂ ಬಿಡುವ ಜಾಗ, ಅದಕ್ಕೆ ‘ಒಳತೆರಪು’ ಅಂತ ಇಟ್ಟಿದ್ದೇನೆ. ಆದರೆ ಇಲ್ಲಿರುವುದು ಎರಡು ವಸ್ತುಗಳ ನಡುವಿನ ಕಿರಿದಾದ ಜಾಗ. ನಮಗೆ ಅದು ‘ಸಂದು’. ಬಾಗಿಲ ಸಂದು, ಹಲ್ಲಿನ ಸಂದು ಇದ್ದ ಹಾಗೆ ಐಕಾನ್ ಸಂದು. ಇಂಗ್ಲಿಷ್ ಹೆಸರನ್ನಲ್ಲ, ಎದುರಿಗಿರುವ ವಸ್ತುವನ್ನು ನೋಡಿ ಪದ ಕೊಡಬೇಕು ಅನ್ನುವುದು ನನ್ನ ಹಟ. ಆಂಡ್ರಾಯ್ಡ್‌ನಲ್ಲಿ ಬರುವ ‘ಗ್ರಾವಿಟಿ’ಯನ್ನು ‘ಗುರುತ್ವ’ ಅಂತ ಬರೆದರೆ ಮಕ್ಕಳು ನ್ಯೂಟನ್ ಕಡೆ ಹೋಗುತ್ತಾರೆ. ಅಲ್ಲಿ ಹೇಳುತ್ತಿರುವುದು ಯಾವ ಕಡೆಗೆ ಸೆಳೆಯಬೇಕು ಅಂತ ಮಾತ್ರ. ‘ಸೆಳೆತ’ ಸಾಕು.

ನಿಮ್ಮಿಂದ ಎರಡು ಸಹಾಯ ಬೇಕು.

ಧಾರವಾಡ, ಬೆಳಗಾವಿ, ಕಲಬುರಗಿ, ಮಂಗಳೂರು ಕಡೆಯವರು ನಿಮ್ಮೂರಿನ ಗಾರೆಯವರು, ಬಡಗಿಗಳು, ನೇಕಾರರು, ಹಳೆಯ ಮುದ್ರಣಾಲಯದವರು ಈ ‘ಮಟ್ಟಕ್ಕೆ ತರುವ’ ಕೆಲಸಕ್ಕೆ ಏನನ್ನುತ್ತಾರೆ ಅಂತ ಕೇಳಿ ತಿಳಿಸುತ್ತೀರಾ? ನನ್ನ ಕಿವಿಗೆ ಬಿದ್ದಿರುವುದು ಹಳೇ ಮೈಸೂರಿನ ಮಾತು ಮಾತ್ರ.

ಎರಡನೆಯದು, ಕನ್ನಡ ಪದ ಉದ್ದವಾಗಿ ಬಟನ್ನಿನಲ್ಲಿ ಎರಡು ಸಾಲಿಗೆ ಮುರಿದಾಗ ಏನೆನ್ನುವುದು? ‘ಗೆಳೆಯರೊಂದಿಗೆ ಹಂಚಿಕೊಳ್ಳಿ’ ಅಂತ ಇದೆ ಅಂದುಕೊಳ್ಳಿ. ಐಕಾನ್ ಎರಡೂ ಸಾಲುಗಳ ನಡುವಿಗೆ ನಿಲ್ಲಬಹುದು, ಇಲ್ಲವೇ ‘ಗೆಳೆಯರೊಂದಿಗೆ’ ಇರುವ ಮೊದಲ ಸಾಲಿಗೆ ಸರಿಯಾಗಿ ನಿಲ್ಲಬಹುದು. ಎರಡನೆಯದಕ್ಕೆ ‘ಮೊದಲ ಸಾಲಿನ ಮಟ್ಟ’ ಅಂದರೆ ಆಯಿತು. ಮೊದಲನೆಯದಕ್ಕೆ ‘ನಡುಮಟ್ಟ’ ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿಟ್ಟಿದ್ದೇನೆ. ‘ಮಧ್ಯಮ ಮಟ್ಟ’ದ ಹಾಗೆ, ಅಷ್ಟೇನೂ ಚೆನ್ನಾಗಿಲ್ಲ ಅನ್ನುವ ಅರ್ಥ ಅದರಲ್ಲಿ ನಿಮಗೂ ಕೇಳಿಸುತ್ತದೆಯೇ?