ಕಲೆಕ್ಟರ್ ಟೊಪ್ಪಿಗೆ ಬಿದ್ದ ಸುಕ್ಕು

ಕಾರವಾರ ಪೇಟೆಯ ಚಾದಂಗಡಿ. ಬೆಂಚಿನ ಮೇಲೆ ನಾಲ್ಕು ಲೋಟ ಚಾ, ನಡುವೆ ಒಂದು ಟೊಪ್ಪಿ. ಹೈಸ್ಕೂಲ್ ಗ್ಯಾದರಿಂಗಿನ ನಾಟಕದಲ್ಲಿ ಬ್ರಿಟಿಷ್ ಕಲೆಕ್ಟರ್ ಹಾಕಿಕೊಳ್ಳುವ ಬೂದು ಬಣ್ಣದ ಫೆಲ್ಟ್ ಹ್ಯಾಟು, ಅಂದರೆ ನೇಯದೆ ಉಣ್ಣೆ ಒತ್ತಿ ಮಾಡಿದ್ದು. ಮಳೆಗಾಲ ಪೂರ್ತಿ ಟ್ರಂಕಿನಲ್ಲಿದ್ದು ಈಗ ಹೊರಬಿದ್ದಿದೆ. "ಸುತ್ತಲಿನ ಕಪ್ಪು ರಿಬ್ಬನ್ನು ಒಣಬಂಗಡೆಯ ಹಾಗೆ ಮುದುಡಿದೆ," ಅಂದರು ಟೇಲರ್ ಪಾಂಡು ಮಾಮ.

"ಹಪ್ಪಳದ ಹಾಗೆ ಅನ್ನು ಭಾವ," ಶಿರಸಿ ಕಡೆಯ ಹೆಗಡೆ ಮಾಸ್ತರು ತಿದ್ದಿದರು. "ಚಾ ಕುಡಿಯುವಾಗ ಬಂಗಡೆ ಯಾಕೆ?"

"ಹಪ್ಪಳವೋ ಬಂಗಡೆಯೋ, ಬಿಸಿ ಇಸ್ತ್ರಿ ಒಂದು ಸಲ ಎಳೆದ್ರೆ ಮುಗೀತಲ್ಲ," ಅಂದ ಉಲ್ಲಾಸ.

"ಎಳಿ ಮಾರಾಯ, ಎಳಿ," ಪಾಂಡು ಮಾಮ ಕನ್ನಡಕ ಏರಿಸಿದರು. "ಇಸ್ತ್ರಿ ತಾಗಿದಲ್ಲೆಲ್ಲ ಫೆಲ್ಟು ಮಿರಮಿರ ಹೊಳೀತದೆ. ಕಲೆಕ್ಟರು ತೆಂಗಿನೆಣ್ಣೆ ಹಚ್ಕೊಂಡು ಕಂದಾಯ ವಸೂಲಿಗೆ ಬಂದ ಹಾಗೆ ಕಾಣ್ತದೆ. ಮೊದ್ಲು ಸುಕ್ಕು ಎಲ್ಲಿದೆ ನೋಡು. ಒಂದೇ ಕಡೆ ಇದ್ರೆ, ಅಲ್ಲಿ ಹಿಡಿದು ಎತ್ತಿ ಎತ್ತಿ ಹೊಲಿಗೆ ಬಿಟ್ಟಿದೆ. ಸುತ್ತ ಸಮವಾಗಿ ಇದ್ರೆ, ಟೊಪ್ಪಿ ನೆನೆದು ಕುಗ್ಗಿದೆ, ರಿಬ್ಬನ್ನು ಮಾತ್ರ ಇದ್ದಷ್ಟೇ ಉದ್ದ ಉಳಿದಿದೆ. ಆಗ ಹೊಸ ರಿಬ್ಬನ್ ತಂದು ಏನೂ ಉಪಯೋಗ ಇಲ್ಲ, ಫೆಲ್ಟನ್ನೇ ಹಬೆ ಹಿಡಿದು ಅಳತೆಗೆ ತರಬೇಕು."

"ಹಬೆ ಹಿಡಿದು ಕುಕ್ಕರಿನ ಮೇಲೆ ಕವುಚಿ ಹಾಕಿದ್ರಾಯ್ತು," ಉಲ್ಲಾಸ.

"ಕುಕ್ಕರ್ ದುಂಡಗಿದೆ, ತಲೆ ಮೊಟ್ಟೆಯ ಹಾಗಿದೆ. ಟವೆಲ್ ಗಿಡಿದು ತುಂಬು, ಹಾಗೇ ಆರಲಿ. ಬಚ್ಚಲ ಒಲೆ ಹತ್ರ ಮಾತ್ರ ಇಡಬೇಡ, ಒಳಗಿನ ಚರ್ಮದ ಪಟ್ಟಿ ಇನ್ನಷ್ಟು ಕುಗ್ಗಿ ಮತ್ತೆ ಅದೇ ಕತೆ."

ಮಾಸ್ತರು ಟೊಪ್ಪಿ ತಿರುಗಿಸಿದರು. "ಇದರದ್ದು ಮೇಲಿನ ಅಂಚು ಮಾತ್ರ ಬಾಯಿ ಬಿಟ್ಟಿದೆಯಲ್ಲ?"

"ಹಾಂ, ಅದು ಮೂರನೇ ನಮೂನೆ. ಅದಕ್ಕೆ ಮಳೆ ಕಾರಣ ಅಲ್ಲ, ಹಚ್ಚಿದವನೇ ಕಾರಣ."

ಟೇಲರಿಂಗ್ ಕ್ಲಾಸಿನ ಸುಮಿತ್ರಕ್ಕ ಅಷ್ಟರಲ್ಲಿ ತಮ್ಮ ಲೋಟ ಖಾಲಿ ಮಾಡಿ ಬೋರಲು ಹಾಕಿದರು. ಪೇಪರಿನಿಂದ ಎರಡು ಬೆರಳಗಲದ ನೆಟ್ಟಗಿನ ಪಟ್ಟಿ ಹರಿದು ಅದಕ್ಕೆ ಸುತ್ತಿದರು. ಕೆಳಗೆ ಬಿಗಿ, ಮೇಲೆ ಬೆರಳು ತೂರುವಷ್ಟು ಸಡಿಲ. "ನೋಡಿ, ಟೊಪ್ಪಿ ಇದೇ ಆಕಾರ. ಕೆಳಗೆ ಅಗಲ, ಮೇಲೆ ಹೋದ ಹಾಗೆ ಸಪೂರ. ನೆಟ್ಟಗಿನ ರಿಬ್ಬನ್ನು ಇಲ್ಲಿ ಕೂರೋದೇ ಇಲ್ಲ. ಮೊದಲ ದಿನ ಒತ್ತಿ ಕೂರಿಸಿರ್ತಾರೆ, ಒಂದು ಮಳೆಗಾಲ ಕಳೆದ್ರೆ ನಿಜ ಹೊರಗೆ ಬರ್ತದೆ."

"ಹಾಗಾದ್ರೆ ಬಟ್ಟೆ ಓರೆಯಾಗಿ ಕತ್ತರಿಸಿ ಕ್ರಾಸ್ ಪೀಸ್ ಹಾಕಿದ್ರೆ?"

"ಬಟ್ಟೆಯ ಪಟ್ಟಿಗೆ ಆಗ್ತದೆ. ರಿಬ್ಬನ್ನು ಅಗಲಕ್ಕೆ ತಕ್ಕ ಹಾಗೆ ನೇಯ್ದದ್ದು, ಓರೆ ಕತ್ತರಿಸ್ಲಿಕ್ಕೆ ಬರೋದಿಲ್ಲ. ಅದನ್ನು ಇಸ್ತ್ರಿಯಲ್ಲಿ ಬಗ್ಗಿಸಬೇಕು. ಅಡ್ಡಗೆರೆ ಇರುವ ಗ್ರೋಗ್ರೇನ್ ರಿಬ್ಬನ್ ಬರ್ತದಲ್ಲ, ಅದರಲ್ಲಿ ಅಂಚು ಸಣ್ಣ ಸಣ್ಣ ಹಲ್ಲಿನ ಹಾಗಿರೋದು ಪೀಟರ್‌ಶಾಮ್. ಹತ್ತಿ, ರೇಯಾನ್ ಸೇರಿದ್ದಾದ್ರೆ ಚಂದ ಬಾಗ್ತದೆ. ಗಿಫ್ಟ್ ಕಟ್ಟುವ ಪಾಲಿಯೆಸ್ಟರ್ ರಿಬ್ಬನ್ನಿಗೆ ನೀವು ಸಂಜೆವರೆಗೆ ಇಸ್ತ್ರಿ ಹೊಡೀರಿ, ಕರಗ್ತದೆ ಹೊರತು ಬಾಗೋದಿಲ್ಲ."

"ಅಂಗಡಿಯವ ಎಲ್ಲವನ್ನೂ ಪ್ಯೂರ್ ಕಾಟನ್ ಅಂತಾನೆ."

"ಟೊಪ್ಪಿಗೆ ರಿಬ್ಬನ್ ತರಲಿಕ್ಕೆ ಹೋದವನಿಗೇ ಟೊಪ್ಪಿ!" ಮಾಸ್ತರು ತೊಡೆ ತಟ್ಟಿಕೊಂಡರು.

"ತುದಿಯಿಂದ ಎರಡು ಎಳೆ ಕಿತ್ತು ಬೆಂಕಿ ತಾಗಿಸಿ," ಸುಮಿತ್ರಕ್ಕ ನಗಲಿಲ್ಲ. "ಕಾಗದದ ಹಾಗೆ ಉರಿದು ಬೂದಿ ಆದ್ರೆ ಹತ್ತಿ, ರೇಯಾನು. ಕರಗಿ ಗಟ್ಟಿ ಮಣಿ ಆದ್ರೆ ಪಾಲಿಯೆಸ್ಟರ್. ಅಂಗಡಿಯೊಳಗೆ ಮಾತ್ರ ಮಾಡಬೇಡಿ."

ಅಗಲದ ಮಾತು ಬಂತು. ಹಳೇ ರಿಬ್ಬನ್ 38 ಮಿ.ಮೀ. ಉಲ್ಲಾಸನಿಗೆ 25 ಸಾಕು ಅನ್ನಿಸಿತು, ದುಡ್ಡು ಉಳೀತದೆ. ಪಾಂಡು ಮಾಮ ರಿಬ್ಬನ್ನಿನ ಅಂಚನ್ನು ಉಗುರಿನಿಂದ ಎತ್ತಿ ತೋರಿಸಿದರು: ಅಡಿಯ ಫೆಲ್ಟು ಕಡುಬೂದು, ಹೊರಗಿನದ್ದು ಬಿಸಿಲಿಗೆ ಮಾಸಿದ್ದು. ಕಡಿಮೆ ಅಗಲದ್ದು ಹಾಕಿದರೆ ಆ ಗೆರೆ ಜನ್ಮಪೂರ್ತಿ ಕಾಣುತ್ತದೆ. ಅಗಲ ಅಷ್ಟೇ ಇರಬೇಕು, ಇಲ್ಲವೇ ಹೆಚ್ಚಿರಬೇಕು.

ಉದ್ದದ ಲೆಕ್ಕವನ್ನು ಮಾಸ್ತರು ಬೆಂಚಿನ ಮೇಲೆ ಚಾದಲ್ಲೇ ಬರೆದರು. ಬುಡದ ಸುತ್ತಳತೆ 61 ಸೆಂ.ಮೀ, ಜೋಡಣೆಗೆ 2, ಬೋ ಕಟ್ಟಲು 20, ಅದರ ನಡುಪಟ್ಟಿಗೆ 6. ಒಟ್ಟು 89. "ಒಂದೂಕಾಲು ಮೀಟರ್ ತನ್ನಿ," ಅಂದರು ಸುಮಿತ್ರಕ್ಕ. "ಹತ್ತಿ ಇದ್ರೆ ಹಬೆಗೆ ಸ್ವಲ್ಪ ಕುಗ್ತದೆ. ಮೊದಲ ಸಲ ಬೋ ಕಟ್ಟುವಾಗ ಒಂದು ತುಂಡು ಹಾಳಾಗೋದಂತೂ ಖಾತ್ರಿ."

"ಬಾಗಿಸೋದು ಎಷ್ಟು? ಅಂದಾಜಿಗೋ?"

"ಅಂದಾಜು ಯಾಕೆ?" ಮಾಸ್ತರಿಗೆ ಹುರುಪು ಬಂತು. "ರಿಬ್ಬನ್ನಿನ ಕೆಳ ಅಂಚು ಬರುವಲ್ಲಿ ಟೇಪು ಹಿಡಿ: 61. ಮೇಲಂಚು ಬರುವಲ್ಲಿ ಹಿಡಿ: 59.5. ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ. 61 ಸೆಂಟಿಮೀಟರ್ ರಿಬ್ಬನ್ನನ್ನು ಮೇಜಿನ ಮೇಲೆ ಇಟ್ಟು, ಕೆಳ ಅಂಚಿನ ಎರಡು ತುದಿಗೆ ದಾರ ಬಿಗಿ. ನಟ್ಟನಡುವೆ ದಾರಕ್ಕೂ ಅಂಚಿಗೂ 3 ಸೆಂಟಿಮೀಟರ್ ಅಂತರ ಬಂದ್ರೆ ಬಾಗು ಸರಿ. ಅದಕ್ಕಿಂತ ಹೆಚ್ಚಾದ್ರೆ ಮೇಲಂಚು ಬಿಗಿದು ಫೆಲ್ಟನ್ನು ಕಚ್ತದೆ, ಕೆಳ ಅಂಚು ಏಳ್ತದೆ."

ಗಣಿತ ಹೀಗೂ ಕೆಲಸಕ್ಕೆ ಬರುತ್ತದೆಂದು ಉಲ್ಲಾಸನಿಗೆ ಹತ್ತನೇ ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ. ಇನ್ನು ಕೈಕೆಲಸ. ರಿಬ್ಬನ್ನನ್ನು ಒದ್ದೆ ಮಾಡಿ ಹಿಂಡಬೇಕು, ಒಂದು ತುದಿಗೆ ಗುಂಡುಸೂಜಿ ಚುಚ್ಚಿ ಮೇಜಿಗೆ ಹಿಡಿಸಬೇಕು. ಮೇಲೆ ತೆಳು ಬಿಳಿ ಬಟ್ಟೆ, ಮಧ್ಯಮ ಬಿಸಿ. ಎಡಗೈ ರಿಬ್ಬನ್ನನ್ನು ಬಿಲ್ಲಿನಂತೆ ಬಾಗಿಸಿ ಹೊರ ಅಂಚನ್ನು ಎಳೆಯುತ್ತಿರಬೇಕು, ಬಲಗೈ ಇಸ್ತ್ರಿಯ ಮೂತಿ ಒಳ ಅಂಚನ್ನು ಒತ್ತುತ್ತಿರಬೇಕು. ಒಂದು ಸಲಕ್ಕೆ ಒಂದು ಗೇಣು ಮಾತ್ರ. ಅವಸರ ಮಾಡಿದರೆ ಒಳ ಅಂಚಿನಲ್ಲಿ ಸಣ್ಣ ಮಡಿಕೆ ಕೂತುಬಿಡುತ್ತದೆ, ಮತ್ತೆ ಒದ್ದೆ ಮಾಡುವುದೇ ದಾರಿ.

"ಪಾಲಿಯೆಸ್ಟರೇ ಸಿಕ್ಕಿದ್ರೆ?"

"ಮೇಲಂಚಿನಲ್ಲಿ ದಾರ ಓಡಿಸಿ ಆ ಒಂದೂವರೆ ಸೆಂಟಿಮೀಟರನ್ನು ಸುತ್ತಲೂ ಹಂಚಿ ಎಳ್ಕೋ. ಮೂರನೇ ಸಾಲಿನಲ್ಲಿ ಕೂತವರಿಗೆ ಗೊತ್ತಾಗೋದಿಲ್ಲ. ಮೊದಲ ಸಾಲಿನಲ್ಲಿ ಹೆಡ್‌ಮಾಸ್ತರು ಕೂತಿರ್ತಾರೆ, ಅವರು ಹೇಗೂ ನಿದ್ದೆ ಮಾಡ್ತಾರೆ."

"ಕೂರಿಸ್ಲಿಕ್ಕೆ ಫೆವಿಕಾಲ್ ಸಾಕಲ್ಲ ಮಾಮ?"

ಪಾಂಡು ಮಾಮ ಎದ್ದೇ ನಿಂತರು. "ಈ ಊರಿನ ತೇವಕ್ಕೆ ಬಿಳಿ ಗೋಂದು ಮೆತ್ತಗಾಗ್ತದೆ, ರಿಬ್ಬನ್ ಮೇಲೆ ಕಲೆ ಮೂಡ್ತದೆ. ಮುಂದಿನ ಸಲ ಬಿಚ್ಚುವಾಗ ಫೆಲ್ಟಿನ ತುಪ್ಪಟವನ್ನೂ ಕಿತ್ಕೊಂಡು ಬರ್ತದೆ. ಹೊಲಿ! ಒಳಗಿನ ಚರ್ಮದ ಪಟ್ಟಿ ಹೊರಕ್ಕೆ ಮಡಚು, ಅದಕ್ಕೆ ಸೂಜಿ ತಾಗಬಾರದು. ಸಪೂರ ಸೂಜಿ, ಒಂಟಿ ದಾರ. ಹೊರಗೆ ಸಾಸಿವೆಯಷ್ಟು ಚುಕ್ಕಿ, ಒಳಗೆ ಎರಡು ಸೆಂಟಿಮೀಟರ್ ನಡಿಗೆ. ದಾರ ಎಳೆದು ಬಿಗಿಯಬೇಡ, ಬಿಗಿದಲ್ಲೆಲ್ಲ ಗುಳಿ ಬೀಳ್ತದೆ. ಹಳೇದನ್ನು ಬಿಚ್ಚುವಾಗಲೂ ಅಷ್ಟೇ, ಟಾಕು ಕತ್ತರಿಸು, ಜಗ್ಗಬೇಡ. ಬಿಚ್ಚುವ ಮೊದಲು ಬೋದ ಫೋಟೋ ತೆಗೆದಿಡು."

ಬೋದ ತುದಿಯನ್ನು ಬೆಂಕಿ ತಾಗಿಸಿ ಮುಚ್ಚಬಹುದಲ್ಲ ಎಂದ ಉಲ್ಲಾಸನಿಗೆ ಮೂವರೂ ಒಟ್ಟಿಗೆ ಬೈದರು. ಪಾಲಿಯೆಸ್ಟರಾದರೆ ಸರಿ, ರೇಯಾನ್ ಉರಿದುಹೋಗುತ್ತದೆ. ಅದಕ್ಕೆ ಓರೆಯಾಗಿ ಕತ್ತರಿಸಿ ಬಣ್ಣವಿಲ್ಲದ ನೈಲ್ ಪಾಲಿಶ್ ತೆಳ್ಳಗೆ ತಾಗಿಸಿದರಾಯಿತು.

"ಜೋಡಣೆ ಎಡಗಿವಿಯ ಮೇಲೆ ಬರಲಿ, ಬೋ ಅದನ್ನು ಮುಚ್ತದೆ," ಸುಮಿತ್ರಕ್ಕ ಪೇಪರ್ ಪಟ್ಟಿ ಮಡಚಿ ತೋರಿಸಿದರು. "ಗಂಡಸರ ಟೊಪ್ಪಿಗೆ ಬೋ ಎಡಕ್ಕೇ ವಾಡಿಕೆ."

ಮಾಸ್ತರು ಚಿಂತೆಗೆ ಬಿದ್ದರು. "ನಮ್ಮ ಕಲೆಕ್ಟರು ಪ್ರೇಕ್ಷಕರ ಎಡಗಡೆಯಿಂದ ಬಂದು ಬಲಕ್ಕೆ ಹೋಗ್ತಾನೆ. ಜನಕ್ಕೆ ಕಾಣೋದು ಅವನ ಬಲಗಿವಿ. ಇಷ್ಟೆಲ್ಲ ಮಾಡಿದ ಬೋ ಪರದೆಗೆ ಮಾತ್ರ ಕಾಣ್ತದಲ್ಲ ಭಾವ?"

"ಬೋ ಬಲಕ್ಕೆ ಹಾಕಿ," ಉಲ್ಲಾಸ.

"ಆಗೋದಿಲ್ಲ," ಪಾಂಡು ಮಾಮ. "ಕಲೆಕ್ಟರನ್ನು ಆ ಕಡೆಯಿಂದ ಬರಲಿಕ್ಕೆ ಹೇಳಿ."

"ಆ ಕಡೆ ಸ್ವಾತಂತ್ರ್ಯ ಹೋರಾಟಗಾರರು ನಿಂತಿರ್ತಾರೆ!"

ಅಷ್ಟರಲ್ಲಿ ಚಾದಂಗಡಿಯವ ಬಂದು, ಪೇಪರ್ ಸುತ್ತಿದ ಲೋಟ ಎತ್ತಿಕೊಂಡು, ಬೆಂಚಿನ ಮೇಲಿನ 89 ಸೆಂಟಿಮೀಟರನ್ನು ಒಂದೇ ಸಲ ಒರೆಸಿಬಿಟ್ಟ.