ಅಪ್‌ಡೇಟ್: ಹುಡುಗಿಯರ ಜೊತೆ ಕಡಿಮೆ ಖರ್ಚಿನ ಸಿಟಿ ಸುತ್ತಾಟ

11-12 ವರ್ಷದ ಮಗಳನ್ನೂ ಅವಳ ಗೆಳತಿಯರನ್ನೂ ಒಂದು ದಿನ ಸಿಟಿ ಸುತ್ತಿಸಬೇಕು, ಜಾಸ್ತಿ ಖರ್ಚಾಗಬಾರದು, ಏನು ಮಾಡಲಿ ಅಂತ ಕೇಳಿದ್ದೆ. ಹೋಗಿ ಬಂದೆವು.

ತುಂಬಾ ಉಪಯೋಗಕ್ಕೆ ಬಂದಿದ್ದು 'ದುಡ್ಡು ಅವರ ಕೈಗೇ ಕೊಡಿ' ಅನ್ನುವ ಸಲಹೆ. ಬೆಳಗ್ಗೆಯೇ ಎಲ್ಲರಿಗೂ ಸಮನಾಗಿ ಕೊಟ್ಟು, ತಿನ್ನೋದಕ್ಕೂ ಕೊಳ್ಳೋದಕ್ಕೂ ಇಷ್ಟೇ, ಮುಗಿದರೆ ಮುಗಿಯಿತು ಅಂದೆ. ಆಮೇಲೆ 'ಅದು ಕೊಡಿಸು, ಇದು ಕೊಡಿಸು' ಅನ್ನುವ ಮಾತೇ ಇಲ್ಲ! ಒಬ್ಬಳಂತೂ ಓಲೆಗಳ ಮುಂದೆ ನಿಂತು ಅರ್ಧ ಗಂಟೆ ಲೆಕ್ಕ ಹಾಕಿದಳು. ಕೊನೆಗೆ ಏನೂ ಕೊಳ್ಳಲಿಲ್ಲ.

ಮ್ಯೂಸಿಯಂ ಅಂದಾಗ ಎಲ್ಲರ ಮುಖ ಸಪ್ಪಗಾಯಿತು. ಪ್ರವೇಶ ಉಚಿತ ಇರುವ ದಿನವೇ ನೋಡಿಕೊಂಡು ಹೋಗಿದ್ದೆ, ಹಾಗಾಗಿ ಬೇಗ ಹೊರಬಂದರೂ ನಷ್ಟವಿರಲಿಲ್ಲ. ಸುಮ್ನೆ ಒಂದು ಆಟ ಕೊಟ್ಟೆ: ಅತಿ ಕೋಪದ ಮುಖ, ವಿಚಿತ್ರ ಟೋಪಿ, ಬಾಲವಿಲ್ಲದ ಪ್ರಾಣಿ ಹುಡುಕಿ ಫೋಟೋ ತೆಗೆಯಿರಿ ಅಂತ. ಆಮೇಲೆ ಅವರನ್ನು ಅಲ್ಲಿಂದ ಹೊರಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಬಸ್ಸಿನ ಡೇ ಪಾಸ್ ತೆಗೆದುಕೊಳ್ಳಲಿಲ್ಲ. ಪದೇ ಪದೇ ಹತ್ತಿ ಇಳಿಯುವವರಿಗೆ ಅದು ಲಾಭ. ನಾವು ಒಂದಕ್ಕೊಂದು ಹತ್ತಿರವಿರುವ ಜಾಗಗಳನ್ನೇ ಆರಿಸಿ ನಡೆದೆವು.

ಈ ವಯಸ್ಸಿನವರಿಗೆ ಅಮ್ಮ ಪಕ್ಕದಲ್ಲೇ ಅಂಟಿಕೊಂಡಿದ್ದರೆ ಮುಜುಗರ ಅಲ್ವಾ? ಹತ್ತು ಹೆಜ್ಜೆ ಹಿಂದೆ ನಡೆದೆ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಮೊದಲೇ ಹೇಳಿದ್ದೆ. ಫೋನ್ ಚಾರ್ಜ್ ಮುಗಿದರೂ ಇರಲಿ ಅಂತ ನನ್ನ ನಂಬರನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದೆ.

ಅಂದಹಾಗೆ, ಬ್ಯಾಂಡೇಜ್ ಪಟ್ಟಿ ಇಟ್ಟುಕೊಳ್ಳಿ ಅಂದವರಿಗೆ ಥ್ಯಾಂಕ್ಸ್. ಬೇಡ ಅಂದರೂ ಒಬ್ಬಳು ಹೊಸ ಶೂ ಹಾಕಿಕೊಂಡೇ ಬಂದಿದ್ದಳು.