ಮನೆಯ ಲೇತಿನ ಬೆಲ್ಟ್ ಜಾರುತ್ತದೆ, ಬೇಗ ಸವೆಯುತ್ತದೆ: ಸ್ಪಿಂಡಲ್ ಬಿಚ್ಚದೆ ಸರಿಪಡಿಸಬಹುದೇ?

ಪ್ರಶ್ನೆ (ನಿಗಡಿ, ಪುಣೆ)

ಎಲ್ಲರಿಗೂ ನಮಸ್ಕಾರ. ಮೂಲತಃ ಧಾರವಾಡದವನಾದ ನಾನು ಹದಿನೆಂಟು ವರ್ಷಗಳಿಂದ ಪುಣೆಯ ನಿಗಡಿಯಲ್ಲಿದ್ದೇನೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಹಳೆಯ ಸಣ್ಣ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡಿದ್ದೇನೆ. ಅದಕ್ಕೆ 1 ಎಚ್‌ಪಿ, 1440 ಆರ್‌ಪಿಎಂ, ಸಿಂಗಲ್ ಫೇಸ್ ಮೋಟಾರ್ ಇದೆ. ಮೋಟಾರಿನ ಪುಲ್ಲಿ 63 ಮಿ.ಮೀ., ಕೌಂಟರ್‌ಶಾಫ್ಟಿನ (ಮೋಟಾರಿಗೂ ಸ್ಪಿಂಡಲ್ಲಿಗೂ ನಡುವಿನ ದಂಡದ) ಪುಲ್ಲಿ 160 ಮಿ.ಮೀ., ಎರಡರ ಕೇಂದ್ರಗಳ ನಡುವಿನ ಅಂತರ ಸುಮಾರು 300 ಮಿ.ಮೀ. ಕೌಂಟರ್‌ಶಾಫ್ಟಿನಿಂದ ಮೂರು ಮೆಟ್ಟಿಲಿನ ಕೋನ್ ಪುಲ್ಲಿಯ ಮೂಲಕ ಇನ್ನೊಂದು ಬೆಲ್ಟ್ ಸ್ಪಿಂಡಲ್ಲಿಗೆ, ಅಂದರೆ ಜಾಬನ್ನು (ಕಡೆಯುವ ತುಂಡನ್ನು) ತಿರುಗಿಸುವ ಮುಖ್ಯ ದಂಡಕ್ಕೆ, ಹೋಗುತ್ತದೆ. ಎರಡೂ ‘ಎ’ ಸೆಕ್ಷನ್ನಿನ (ಅಡ್ಡಳತೆಯ ಒಂದು ಪ್ರಮಾಣಿತ ಗಾತ್ರದ) ವಿ-ಬೆಲ್ಟ್‌ಗಳು.

ತೊಂದರೆ ಎರಡು ಬಗೆಯದು. ಮೋಟಾರಿನ ಬೆಲ್ಟ್ ಶುರುವಾಗುವಾಗ ಕಿರುಚುತ್ತದೆ, ಪಾರ್ಟಿಂಗ್ ಮಾಡುವಾಗ (ತುಂಡನ್ನು ಕತ್ತರಿಸಿ ಬೇರ್ಪಡಿಸುವಾಗ) ಜಾರುತ್ತದೆ, ಅದರ ಕೆಳಗಿನ ಟ್ರೇಯಲ್ಲಿ ಕಪ್ಪು ಪುಡಿ ಶೇಖರವಾಗುತ್ತದೆ. ಒಂದೇ ವರ್ಷದಲ್ಲಿ ಎರಡು ಸಲ ಹೊಸದು ಹಾಕಿದ್ದಾಯಿತು. ಹಳೆಯ ಬೆಲ್ಟಿನ ಮೇಲಿನ ನಂಬರ್ ಅಳಿಸಿಹೋಗಿದ್ದರಿಂದ ಅಂಗಡಿಯವರು ಅದನ್ನೇ ಟೇಪಿನಿಂದ ಅಳೆದು ಎ-38 ಕೊಟ್ಟರು. ಬಿಗಿ ಮಾಡಲು ಮೋಟಾರನ್ನು ಅದರ ಸ್ಲಾಟಿನ ಕೊನೆಯವರೆಗೆ ಎಳೆದಿದ್ದೇನೆ, ಇನ್ನು ಜಾಗವಿಲ್ಲ. ಸ್ಪಿಂಡಲ್ಲಿನ ಬೆಲ್ಟ್ ಒಳಮೈಯಲ್ಲಿ ಬಿರುಕು ಬಿಟ್ಟಿದೆ, ಆದರೆ ಅದು ಹೆಡ್‌ಸ್ಟಾಕಿನ (ಸ್ಪಿಂಡಲ್ ಕೂರುವ ಪೆಟ್ಟಿಗೆಯ) ಎರಡು ಬೇರಿಂಗುಗಳ ನಡುವೆ ಕುಳಿತಿರುವುದರಿಂದ ಸ್ಪಿಂಡಲ್ ತೆಗೆಯದೆ ಬದಲಿಸಲು ಬರುವುದಿಲ್ಲ. ಬೇರಿಂಗ್‌ಗಳು ಕಂಚಿನ ಬುಷ್‌ಗಳು, ಅವುಗಳ ಕೆಳಗೆ ಅಂತರ ಹೊಂದಿಸುವ ತೆಳು ಲೋಹದ ಹಾಳೆಗಳಾದ ಶಿಮ್‌ಗಳಿವೆ. ಒಮ್ಮೆ ಬಿಚ್ಚಿದರೆ ಮತ್ತೆ ಅದೇ ನಿಖರತೆಗೆ ಕೂರಿಸಲಾರೆನೆಂಬ ಭಯ ನನಗಿದೆ. ಇದರ ಜೊತೆಗೆ ಫಿನಿಶಿಂಗ್ ಕಟ್ಟಿನ ನಂತರ ಜಾಬಿನ ಮೈಮೇಲೆ ಸಣ್ಣ ಅಲೆಗಳಂತಹ ಗೆರೆಗಳು ಉಳಿಯುತ್ತವೆ. ಮೊದಲು ಏನನ್ನು ನೋಡಬೇಕು?

ಉತ್ತರ (ಭೋಸರಿ)

ನಾನು ಹರಿಹರದಲ್ಲಿ ಟರ್ನರ್ ಕೆಲಸ ಕಲಿತವನು. ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಆರಂಭವಾದ ಆ ಊರಿನಲ್ಲಿ ಲೇತ್ ಎಂದರೆ ಮನೆಮಾತು. ಆಮೇಲೆ ಮೂವತ್ತು ವರ್ಷ ಭೋಸರಿಯಲ್ಲಿ ದುಡಿದು ಈಗ ನಿವೃತ್ತನಾಗಿದ್ದೇನೆ. ನೀವು ಕೊಟ್ಟ ಅಳತೆಗಳನ್ನು ನೋಡಿದರೆ ಬೆಲ್ಟಿನ ತಪ್ಪು ಕಡಿಮೆ, ಅದನ್ನು ಕೂರಿಸಿದ ಜಾಗದ ತಪ್ಪೇ ಹೆಚ್ಚು ಎಂದು ನನಗೆ ಅನ್ನಿಸುತ್ತದೆ.

ಮೊದಲು ಉದ್ದದ ಮಾತು. ಹಿಗ್ಗಿದ ಹಳೆಯ ಬೆಲ್ಟನ್ನು ಅಳೆದು ಹೊಸದನ್ನು ಕೊಂಡರೆ ಅದು ಯಾವಾಗಲೂ ಉದ್ದವೇ ಆಗುತ್ತದೆ. ಪುಲ್ಲಿಗಳಿಂದಲೇ ಲೆಕ್ಕ ಹಾಕಬೇಕು: ಕೇಂದ್ರಗಳ ಅಂತರದ ಎರಡರಷ್ಟು, ಅದಕ್ಕೆ ಎರಡೂ ವ್ಯಾಸಗಳ ಮೊತ್ತದ 1.57ರಷ್ಟು, ಅದಕ್ಕೆ ವ್ಯಾಸಗಳ ವ್ಯತ್ಯಾಸದ ವರ್ಗವನ್ನು ಕೇಂದ್ರಾಂತರದ ನಾಲ್ಕರಷ್ಟರಿಂದ ಭಾಗಿಸಿದ್ದನ್ನು ಕೂಡಿಸಬೇಕು. ನಿಮ್ಮ ಅಳತೆಗಳಿಗೆ ಅದು 600, 350, 8 ಸೇರಿ ಸುಮಾರು 958 ಮಿ.ಮೀ. ಆಗುತ್ತದೆ. ಇದು ಪಿಚ್ ಉದ್ದ, ಅಂದರೆ ಬೆಲ್ಟಿನ ದಪ್ಪದ ನಡುವೆ ಹಾಯುವ ಗೆರೆಯ ಉದ್ದ. ‘ಎ’ ಬೆಲ್ಟಿನ ನಂಬರ್ ಒಳ ಉದ್ದವನ್ನು ಇಂಚಿನಲ್ಲಿ ಹೇಳುತ್ತದೆ, ಒಳ ಉದ್ದ ಪಿಚ್ ಉದ್ದಕ್ಕಿಂತ ಸುಮಾರು 35 ಮಿ.ಮೀ. ಕಡಿಮೆಯಿರುತ್ತದೆ. ಅಂದರೆ ನಿಮಗೆ ಬೇಕಾಗಿದ್ದುದು ಎ-36. ಅದಕ್ಕಿಂತ ಎರಡು ಇಂಚು ಉದ್ದದ ಬೆಲ್ಟ್ ಹಾಕಿದ್ದರಿಂದಲೇ ಸ್ಲಾಟ್ ಮುಗಿದರೂ ಬಿಗಿ ಸಾಲಲಿಲ್ಲ. ಸಾಲದ ಬಿಗಿಯಿಂದ ಬೆಲ್ಟ್ ಜಾರಿತು, ಜಾರಿದ್ದರಿಂದ ಬಿಸಿಯಾಗಿ ಅಂಚು ಗಾಜಿನಂತೆ ಹೊಳಪಾಯಿತು, ಹೊಳಪಾದ ಅಂಚು ಇನ್ನಷ್ಟು ಜಾರಿತು. ನಿಮ್ಮ ಕಪ್ಪು ಪುಡಿಯಲ್ಲಿ ಬಹುಭಾಗ ಅಲ್ಲಿಂದಲೇ ಬಂದದ್ದು.

ಆದರೆ ಎ-36 ತಂದು ಹಾಕಿ ಸುಮ್ಮನಾಗಬೇಡಿ. ‘ಎ’ ಸೆಕ್ಷನ್ನಿಗೆ ಸಾಮಾನ್ಯವಾಗಿ 75 ಮಿ.ಮೀ.ಗಿಂತ ಸಣ್ಣ ಪುಲ್ಲಿ ಬಳಸಬಾರದು. 63 ಮಿ.ಮೀ. ಪುಲ್ಲಿಯ ಸುತ್ತ ಒಂದು ನಿಮಿಷಕ್ಕೆ ಸುಮಾರು 300 ಸಲ ಬಾಗುವ ಬೆಲ್ಟ್ ಒಳಗೊಳಗೇ ಕಾದು ಬಿರುಕು ಬಿಡುತ್ತದೆ. 1 ಎಚ್‌ಪಿ ಎಂದರೆ ಸುಮಾರು 0.75 ಕಿಲೋವ್ಯಾಟ್. ನಿಮ್ಮ ಬೆಲ್ಟಿನ ವೇಗ ಸೆಕೆಂಡಿಗೆ ಸುಮಾರು 4.75 ಮೀಟರ್. ಹಾಗಾಗಿ ಪೂರ್ಣ ಭಾರದಲ್ಲಿ ಬೆಲ್ಟ್ ಸುಮಾರು 16 ಕಿಲೋ ತೂಕದಷ್ಟು ಬಲವನ್ನು ಎಳೆಯಬೇಕಾಗುತ್ತದೆ. ಪುಲ್ಲಿ ಸಣ್ಣದಾದಷ್ಟೂ ಈ ಎಳೆತ ಹೆಚ್ಚುತ್ತದೆ, ಹಿಡಿತದ ಜಾಗ ಕಡಿಮೆಯಾಗುತ್ತದೆ. 75 ಮಿ.ಮೀ. ಪುಲ್ಲಿ ಮಾಡಿಸಿಕೊಳ್ಳಿ ಎಂಬುದು ನನ್ನ ಸಲಹೆ. ಆಗ ಇದೇ ಲೆಕ್ಕದಲ್ಲಿ ಎ-37 ಬೇಕಾಗುತ್ತದೆ. ಕೌಂಟರ್‌ಶಾಫ್ಟಿನ ವೇಗ ಈಗಿನ 567ರಿಂದ 675 ಆರ್‌ಪಿಎಂಗೆ ಏರುತ್ತದೆ ಎಂಬುದನ್ನು ಮಾತ್ರ ಗಮನದಲ್ಲಿಡಿ. ಥ್ರೆಡ್ ಕಟ್ ಮಾಡಲು ನಿಧಾನ ವೇಗ ಬೇಕಾದರೆ ಬ್ಯಾಕ್ ಗೇರ್ (ಸ್ಪಿಂಡಲ್ಲಿನ ವೇಗ ತಗ್ಗಿಸುವ ಗೇರು) ಬಳಸಬೇಕಾದೀತು. ವೇಗ ಏರುವುದು ಬೇಡವೆಂದಾದರೆ ಒಳಮೈಯಲ್ಲಿ ಹಲ್ಲು ಕೊರೆದಿರುವ ಎ-ಎಕ್ಸ್ ಬೆಲ್ಟ್ ಹಾಕಿ. ಅದು ಸಣ್ಣ ಪುಲ್ಲಿಯ ಮೇಲೆ ಸುಲಭವಾಗಿ ಬಾಗುತ್ತದೆ.

ಇನ್ನು ಗ್ರೂವ್, ಅಂದರೆ ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡು. ವಿ-ಬೆಲ್ಟ್ ಹಿಡಿಯುವುದು ಎರಡು ಪಕ್ಕಗಳಿಂದ, ತಳದಿಂದಲ್ಲ. ಪುಲ್ಲಿಯ ಗ್ರೂವಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಪಕ್ಕಗಳು ಸವೆದು ಬೆಲ್ಟ್ ತಳಕ್ಕೆ ತಾಗುತ್ತಿದೆ ಎಂದೇ ಅರ್ಥ. ಅಂಥ ಪುಲ್ಲಿಗೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಹೊಸ ಬೆಲ್ಟನ್ನು ಕೂರಿಸಿ ನೋಡಿ, ಅದರ ಬೆನ್ನು ಪುಲ್ಲಿಯ ಅಂಚಿನ ಮಟ್ಟಕ್ಕೆ ಅಥವಾ ಕೂದಲೆಳೆಯಷ್ಟು ಮೇಲೆ ನಿಲ್ಲಬೇಕು. ಗ್ರೂವ್ ಮತ್ತೆ ಕೊರೆಯಿಸುವುದಾದರೆ ಕೋನದಲ್ಲಿ ಎಚ್ಚರ ಬೇಕು. ಬೆಲ್ಟಿನ ಕೋನ 40 ಡಿಗ್ರಿ ಇದ್ದರೂ ಸಣ್ಣ ಪುಲ್ಲಿಯ ಸುತ್ತ ಬಾಗಿದಾಗ ಅದರ ಹೊರಭಾಗ ಎಳೆದು ಕಿರಿದಾಗುತ್ತದೆ, ಒಳಭಾಗ ಒತ್ತಿ ಉಬ್ಬುತ್ತದೆ, ಹೀಗಾಗಿ ಕೋನ ಕುಗ್ಗುತ್ತದೆ. ಆದ್ದರಿಂದ ‘ಎ’ ಸೆಕ್ಷನ್ನಿನ ಸಣ್ಣ ಪುಲ್ಲಿಗೆ 34 ಡಿಗ್ರಿ, ನಿಮ್ಮ 160 ಮಿ.ಮೀ. ಪುಲ್ಲಿಗೆ 38 ಡಿಗ್ರಿ. ಲೇತಿನಲ್ಲಿ ಟೂಲನ್ನು ಓರೆಯಾಗಿ ಸಾಗಿಸುವ ಕಾಂಪೌಂಡ್ ಸ್ಲೈಡನ್ನು ಕ್ರಮವಾಗಿ 17 ಮತ್ತು 19 ಡಿಗ್ರಿಗೆ ತಿರುಗಿಸಿ ಎರಡೂ ಪಕ್ಕ ಕೊರೆಯಬೇಕು. ಎಷ್ಟೋ ಕಡೆ ಎಲ್ಲಕ್ಕೂ ಒಂದೇ 40 ಡಿಗ್ರಿ ಕೊರೆದುಬಿಡುತ್ತಾರೆ. ಕೊಡುವ ಮೊದಲೇ ಹೇಳಿಬಿಡಿ.

ಪುಲ್ಲಿಗಳ ನೇರವನ್ನು ದಾರ ಎಳೆದು ನೋಡಿ. ಎರಡೂ ಪುಲ್ಲಿಗಳ ಅಂಚಿನ ದಪ್ಪ ಒಂದೇ ಆಗಿದ್ದರೆ ದಾರ ನಾಲ್ಕು ಕಡೆಯಲ್ಲೂ ತಾಗಬೇಕು. ಪುಲ್ಲಿಯನ್ನು ಶಾಫ್ಟಿಗೆ ಹಿಡಿಸುವ ಕೀ ಸಡಿಲವಾಗಿದೆಯೇ, ಗ್ರಬ್ ಸ್ಕ್ರೂ ಹಿಡಿದಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ. ಬಿಗಿಯ ಅಳತೆ ಹೀಗೆ: ಬೆಲ್ಟಿನ ಬಿಡುಭಾಗದ ಪ್ರತಿ 100 ಮಿ.ಮೀ.ಗೆ 1.6 ಮಿ.ಮೀ. ತಗ್ಗಬೇಕು. ನಿಮ್ಮದಕ್ಕೆ ನಡುವಿನಲ್ಲಿ ಹೆಬ್ಬೆರಳಿನಿಂದ ಸಾಧಾರಣ ಬಲದಲ್ಲಿ ಒತ್ತಿದಾಗ ಸುಮಾರು 5 ಮಿ.ಮೀ. ಅದಕ್ಕಿಂತ ಬಿಗಿಯಾದರೆ ಮೋಟಾರಿನ ಬೇರಿಂಗಿಗೆ ಪೆಟ್ಟು. ಜಾರುತ್ತದೆಂದು ಬೆಲ್ಟಿಗೆ ರಾಳವನ್ನೋ ಸ್ಪ್ರೇಯನ್ನೋ ಹಾಕಬೇಡಿ. ಎರಡು ದಿನ ಅಂಟುತ್ತದೆ, ಆಮೇಲೆ ಲೋಹದ ಪುಡಿಯನ್ನೆಲ್ಲ ಮೆತ್ತಿಕೊಂಡು ಗ್ರೂವನ್ನೇ ತಿನ್ನುತ್ತದೆ. ಬೆಲ್ಟಿನ ಹತ್ತಿರ ಕೈಯಿಡುವಾಗಲೆಲ್ಲ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ.

ಉತ್ತರ (ಠಾಣೆ)

ಹಿರಿಯರು ಹೇಳಿದ್ದಕ್ಕೆ ಎರಡು ವಿಷಯ ಸೇರಿಸುತ್ತೇನೆ. ಸ್ಪಿಂಡಲ್ ಬೆಲ್ಟಿಗಾಗಿ ಸ್ಪಿಂಡಲ್ ಬಿಚ್ಚಬೇಡಿ. ಕೊಂಡಿ ಕೊಂಡಿಯಾಗಿ ಜೋಡಿಸುವ ಲಿಂಕ್ ಬೆಲ್ಟ್ ‘ಎ’ ಸೆಕ್ಷನ್ನಿನಲ್ಲಿ ಸಿಗುತ್ತದೆ. ನಾನು ಮುಂಬಯಿಯ ನಾಗದೇವಿ ಸ್ಟ್ರೀಟಿನಲ್ಲಿ ಮೀಟರ್ ಲೆಕ್ಕದಲ್ಲಿ ಕೊಂಡೆ. ಅದನ್ನು ಪುಲ್ಲಿಯ ಸುತ್ತ ತೂರಿಸಿ, ಕೊನೆಯ ಕೊಂಡಿಯನ್ನು ತಿರುಚಿ ಕೂಡಿಸಿದರೆ ಮುಗಿಯಿತು. ಕೈಯಿಂದ ಎಳೆದಾಗ ತುದಿಗಳು ಕೂಡುವ ಅಳತೆಗಿಂತ ಒಂದೆರಡು ಕೊಂಡಿ ಕಡಿಮೆ ಇಡಿ, ಬೆಲ್ಟಿನ ಮೇಲಿನ ಬಾಣದ ಗುರುತು ತಿರುಗುವ ದಿಕ್ಕಿಗೇ ಇರಲಿ. ಮೊದಲ ಕೆಲವು ಗಂಟೆಗಳಲ್ಲಿ ಅದು ಹಿಗ್ಗುವುದರಿಂದ ಮತ್ತೊಮ್ಮೆ ಬಿಗಿ ಮಾಡಬೇಕಾಗುತ್ತದೆ.

ಗೆರೆಗಳ ಕಾರಣವನ್ನು ಎಣಿಕೆಯಿಂದಲೇ ತಿಳಿಯಬಹುದು. ನಮ್ಮ ವಿದ್ಯುತ್ತು 50 ಹರ್ಟ್ಜ್, ಸಿಂಗಲ್ ಫೇಸ್ ಮೋಟಾರಿನ ಬಲ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಸ್ಪಿಂಡಲ್ 400 ಆರ್‌ಪಿಎಂನಲ್ಲಿದ್ದರೆ ಒಂದು ಸುತ್ತಿಗೆ 15 ಏರಿಳಿತಗಳು ಬೀಳುತ್ತವೆ. ಜಾಬಿನ ಸುತ್ತಳತೆಯಲ್ಲಿ ಒಂದು ಗೆರೆಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿ. ಹದಿನೈದರ ಹತ್ತಿರ ಬಂದರೆ ಮೋಟಾರಿನ ಅದುರು ಬೆಲ್ಟಿನ ಮೂಲಕ ಸ್ಪಿಂಡಲ್ ತಲುಪುತ್ತಿದೆ. ಅದರ ಬದಲು ಸೆಕೆಂಡಿಗೆ ಐದು ಸಲದಂತೆ ನಿಧಾನವಾದ ತಟ್ಟು ಕೇಳಿಸಿದರೆ, ನಿಮ್ಮ ಮೋಟಾರಿನ ಬೆಲ್ಟ್ ಒಂದು ಸುತ್ತು ಬರಲು ತೆಗೆದುಕೊಳ್ಳುವ ಕಾಲವೂ ಅಷ್ಟೇ ಆದ್ದರಿಂದ, ಆ ಬೆಲ್ಟಿನಲ್ಲಿಯೇ ಗಟ್ಟಿಯಾದ ಉಬ್ಬಿದೆ ಎಂದು ತಿಳಿಯಿರಿ.

ಉತ್ತರ (ವಾಸ್ಕೋ, ಗೋವಾ)

ಇಲ್ಲಿನ ಮಳೆಗಾಲದಲ್ಲಿ ಲೇತ್ ಮೂರು ತಿಂಗಳು ಸುಮ್ಮನಿದ್ದರೆ ಬೆಲ್ಟ್ ಪುಲ್ಲಿಯ ಆಕಾರಕ್ಕೇ ಬಾಗಿ ನಿಂತುಬಿಡುತ್ತದೆ. ಮೇಲೆ ಹೇಳಿದ ಉಬ್ಬು ನನ್ನ ಯಂತ್ರದಲ್ಲಿ ಹಾಗೆಯೇ ಬಂದಿತ್ತು. ಎರಡು ವಾರಕ್ಕಿಂತ ಹೆಚ್ಚು ಕೆಲಸವಿಲ್ಲದಿದ್ದರೆ ನಾನು ಮೋಟಾರನ್ನು ಸಡಿಲಿಸಿ ಇಡುತ್ತೇನೆ. ಎರಕದ ಪುಲ್ಲಿಯ ಗ್ರೂವಿನಲ್ಲಿ ಹಿಡಿಯುವ ತುಕ್ಕು ಮರಳು ಕಾಗದದಂತೆ ಬೆಲ್ಟನ್ನು ತೇಯುತ್ತದೆ. ಅದನ್ನು ಸಣ್ಣ ಎಮೆರಿಯಿಂದ ತೆಗೆದು ಒಣಬಟ್ಟೆಯಿಂದ ಒರೆಸಿ, ಎಣ್ಣೆ ಮಾತ್ರ ಹಚ್ಚಬೇಡಿ. ಎಣ್ಣೆಗೆ ರಬ್ಬರು ಉಬ್ಬುತ್ತದೆ. ನಿಮ್ಮ ಹೆಡ್‌ಸ್ಟಾಕಿನ ಬುಷ್‌ಗೆ ಹಾಕುವ ಎಣ್ಣೆ ಸ್ಪಿಂಡಲ್ಲಿನ ಬೆಲ್ಟಿಗೆ ಸಿಡಿಯುತ್ತಿದೆಯೇ ಎಂದು ನೋಡಿ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ನಿಮ್ಮೆಲ್ಲರಿಗೂ ಕೃತಜ್ಞತೆಗಳು. ದಾರ ಎಳೆದು ನೋಡಿದಾಗ ಕೌಂಟರ್‌ಶಾಫ್ಟಿನ ಪುಲ್ಲಿ 4 ಮಿ.ಮೀ. ಹೊರಗಿತ್ತು. ಅದರ ಗ್ರಬ್ ಸ್ಕ್ರೂ ಸಡಿಲವಾಗಿ ಪುಲ್ಲಿ ನಿಧಾನವಾಗಿ ಸರಿಯುತ್ತಾ ಬಂದಿತ್ತೆಂದು ಶಾಫ್ಟಿನ ಮೇಲಿನ ಗೀರು ಹೇಳಿತು. ಮೋಟಾರ್ ಪುಲ್ಲಿಯ ಗ್ರೂವಿನ ತಳ ಹಿರಿಯರು ಹೇಳಿದಂತೆಯೇ ಹೊಳೆಯುತ್ತಿತ್ತು. ರವಿವಾರ ಪೇಟೆಯ ಬೋಹರಿ ಆಳಿಯಲ್ಲಿ ಎ-37 ಸಿಕ್ಕಿತು, 75 ಮಿ.ಮೀ. ಪುಲ್ಲಿಯನ್ನು ನಮ್ಮ ಬಡಾವಣೆಯ ಟರ್ನರ್ ಒಬ್ಬರು 34 ಡಿಗ್ರಿಗೆ ಕೊರೆದುಕೊಟ್ಟರು. ಈಗ ಮೋಟಾರ್ ಸ್ಲಾಟಿನ ನಡುವೆ ನಿಂತಿದೆ, ಕಿರುಚುವ ಸದ್ದು ನಿಂತಿದೆ.

ಗೆರೆಗಳನ್ನು ಎಣಿಸಿದೆ. 400 ಆರ್‌ಪಿಎಂಗೆ ಹತ್ತಿರದ ವೇಗದಲ್ಲಿ ಹದಿನಾಲ್ಕೋ ಹದಿನೈದೋ ಬಂದವು. ಹಳೆಯ ಸ್ಪಿಂಡಲ್ ಬೆಲ್ಟನ್ನು ಕತ್ತರಿಸಿ ತೆಗೆದು ಲಿಂಕ್ ಬೆಲ್ಟ್ ಹಾಕಿ, ಮೋಟಾರಿನ ಕಾಲಿನ ಕೆಳಗೆ 6 ಮಿ.ಮೀ. ರಬ್ಬರ್ ಹಾಳೆ ಕೊಟ್ಟ ಮೇಲೆ ಅಲೆಗಳು ಬಹಳ ತಗ್ಗಿವೆ. ಬೆರಳಿಗೆ ಈಗ ತಾಗುವುದಿಲ್ಲ, ಬೆಳಕನ್ನು ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತವೆ. ಶಿಮ್‌ಗಳನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ. ನಾಲ್ಕು ಗಂಟೆ ಓಡಿಸಿದ ಬಳಿಕ ಲಿಂಕ್ ಬೆಲ್ಟ್ ಹಿಗ್ಗಿತು, ಒಂದು ಕೊಂಡಿ ತೆಗೆದೆ. ನಿನ್ನೆ 25 ಮಿ.ಮೀ. ಮೈಲ್ಡ್ ಸ್ಟೀಲ್ ರಾಡನ್ನು ಬ್ಯಾಕ್ ಗೇರಿನಲ್ಲಿ ಪಾರ್ಟಿಂಗ್ ಮಾಡಿದೆ, ಎರಡು ಬೆಲ್ಟುಗಳಲ್ಲಿ ಯಾವುದೂ ಜಾರಲಿಲ್ಲ.